ದೊಡ್ಡಪ್ಪನ ಪುಕ್ಕಟೆ ಗೊಬ್ಬರ

ಬಿಳಿಗೆರೆಯಿಂದ ದೊಡ್ಡಪ್ಪನ ಮಗ ನಮ್ಮ ಹಿತ್ತಲಿಗೆಂದು ಒಂದು ಚೀಲ ಕೊಟ್ಟಿಗೆ ಗೊಬ್ಬರ ಕಳಿಸಿದ್ದಾನೆ. ಚೀಲದ ಬಾಯಿ ಬಿಚ್ಚಿದ ಕೂಡಲೇ ಅದೇ ಅರೆಕೊಳೆತ ಸಗಣಿಯ ವಾಸನೆ.

ಮನೆ ಪಾಲಾದ ವರ್ಷ ದೊಡ್ಡಪ್ಪನೂ ಹೀಗೇ ಗಾಡಿ ತುಂಬ ಗೊಬ್ಬರ ಪುಕ್ಕಟೆ ಕೊಟ್ಟಿದ್ದ. ಅಪ್ಪ ಹಿಗ್ಗಿಹೋದ. ಅವ್ವ ಅದನ್ನು ಹಿತ್ತಲಿನ ಬದನೆ, ಮೆಣಸಿನ ಗಿಡಗಳಿಗೆಲ್ಲ ಹಾಕಿದಳು. ಸ್ವಲ್ಪ ದಿನಕ್ಕೆ ಗಿಡಗಳು ಬಾಡಿದವು. ಕಿತ್ತು ನೋಡಿದರೆ ಬೇರುಗಳೇ ಇಲ್ಲ. ಮಣ್ಣಿನೊಳಗೆ ಬೆಳ್ಳಗೆ ಮುದುಡಿ ಮಲಗಿದ, ಗೊಬ್ಬರದ ಜೊತೆ ಬಂದ ಗೊಣ್ಣೆಹುಳಗಳು. ಕರಟದ ತುಂಬ ಆರಿಸಿ ತಂದು ಅಪ್ಪನ ಮುಂದಿಟ್ಟಳು.

"ನೋಡ್ರೀ, ನಿಮ್ಮಣ್ಣ ಕೊಟ್ಟ ಪಾಲು."

"ಅಣ್ಣ ಕೊಟ್ಟಿದ್ದು ಕಣೇ, ಆಡ್ಕೋಬಾರ್ದು. ಕೋಳಿಗೆ ಹಾಕಿ ಸುಮ್ಕಿರು."

ಕೋಳಿಗಳೇನೋ ಕೊಬ್ಬಿದವು. ಅವ್ವ ಮಾತ್ರ ಮತ್ತೆ ಹಿತ್ತಲಲ್ಲಿ ಗಿಡ ನೆಡಲಿಲ್ಲ, ದೊಡ್ಡಪ್ಪನ ಹೊಸ್ತಿಲನ್ನೂ ತುಳಿಯಲಿಲ್ಲ.

ಈಗ ಚೀಲವನ್ನು ಅಂಗಳದಲ್ಲೇ ಸುರಿದು ಕಡ್ಡಿಯಿಂದ ಕೆದಕುತ್ತಾ ಕೂತಿದ್ದೇನೆ. ಒಂದು ಹುಳವೂ ಸಿಕ್ಕಿಲ್ಲ. ಆದರೂ ಕೈ ನಿಲ್ಲುತ್ತಿಲ್ಲ.