ಸೀರಿಯಸ್ ಅದ, ಬರ್ರಿ

ಇಪ್ಪತ್ತು ವರ್ಷಗಳಿಂದ ಬೀದರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಪಾಠದಲ್ಲಿ ‘ಸೀರಿಯಸ್’ ಎಂಬ ಪದ ಬಂದರೆ ಬೋರ್ಡಿನ ಮೇಲೆ ‘ಗಂಭೀರ’ ಎಂದು ಬರೆದು ಮುಂದಕ್ಕೆ ಹೋಗುತ್ತೇನೆ. ಮಕ್ಕಳೂ ಅಷ್ಟನ್ನೇ ಬರೆದುಕೊಳ್ಳುತ್ತಾರೆ. ನಮ್ಮ ಕಡೆ ಆ ಪದ ಮಾಡುವ ಕೆಲಸಗಳನ್ನೆಲ್ಲ ಬರೆಯಲು ಹೋದರೆ ಬೋರ್ಡು ಸಾಲದು. ಹೊರಗೆ ಆಡಲು ಹೋಗದೆ ಓದುತ್ತ ಕೂತ ಹುಡುಗಿ ಭಾಳ ಸೀರಿಯಸ್. ಹೆಣ್ಣು ನೋಡಿ ಹೋದವರು ಮರುದಿನವೇ ಫೋನ್ ಮಾಡಿದರೆ ಅವರೂ ಸೀರಿಯಸ್ ಇದ್ದಾರೆ ಎಂದರ್ಥ. ನಮ್ಮ ಹೆಡ್‌ಮಾಸ್ತರರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಬೈದು, ಆಮೇಲೆ ಚಹಾ ತರಿಸಿ, ‘ಸೀರಿಯಸ್ ತಗೋಬ್ಯಾಡ್ರಿ ಟೀಚರ್’ ಎನ್ನುತ್ತಾರೆ. ನಾನು ತಗೊಳ್ಳುತ್ತೇನೆ. ಅವರ ಚಹಾ ಮಾತ್ರ ತಗೊಳ್ಳುವುದಿಲ್ಲ.

ನನ್ನ ಅಕ್ಕ ನನ್ನನ್ನು ಕರೆಯುತ್ತಿದ್ದುದೇ ‘ಸೀರಿಯಸ್ ಬಾಯಿ’ ಎಂದು. ನಮ್ಮ ಕಡೆ ಟೀಚರಮ್ಮನಿಗೆ ಬಾಯಿ ಎನ್ನುತ್ತಾರೆ. ಭಾಲ್ಕಿಯ ಅವಳ ಮನೆಯ ಬಾಗಿಲಲ್ಲಿ ನಾನು ಚಪ್ಪಲಿ ಬಿಡುವಷ್ಟರಲ್ಲೇ ಒಳಗಿನಿಂದ ಕೂಗುತ್ತಿದ್ದಳು: ‘ಬಂದಳ್ರಿ ನಮ್ಮ ಸೀರಿಯಸ್ ಬಾಯಿ, ಎಲ್ಲಾರೂ ನಗೂದು ಬಂದ್ ಮಾಡ್ರಿ.’ ನನಗಿಂತ ಹತ್ತು ವರ್ಷ ದೊಡ್ಡವಳು. ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ನನ್ನ ತಲೆಯ ಹೇನು ತೆಗೆದವಳು, ನಾನು ಬಿ.ಎಡ್. ಮಾಡಲೇಬೇಕೆಂದು ಅಪ್ಪನ ಜೊತೆ ಎರಡು ದಿನ ಮಾತು ಬಿಟ್ಟವಳು. ಜಗತ್ತಿನಲ್ಲಿ ನನ್ನನ್ನು ಅಣಕಿಸುವ ಹಕ್ಕು ಇದ್ದದ್ದು ಅವಳೊಬ್ಬಳಿಗೇ.

ಆ ಪದಕ್ಕೆ ಇನ್ನೊಂದು ಕೆಲಸವಿದೆ. ನಮ್ಮ ಕಡೆ ಸತ್ತ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ದೂರದಲ್ಲಿರುವ ಮಗಳಿಗೋ ತಮ್ಮನಿಗೋ ‘ಸೀರಿಯಸ್ ಅದ, ಬರ್ರಿ’ ಎನ್ನುತ್ತಾರೆ. ಕೇಳಿದವರಿಗೆ ತಿಳಿಯುತ್ತದೆ. ತಿಳಿದರೂ ತಿಳಿಯದವರಂತೆ ‘ಯಾವಾಗಿಂದ?’ ಎಂದು ಕೇಳಿ ಬಸ್ಸು ಹತ್ತುತ್ತಾರೆ. ಬಸ್ಸಿನಲ್ಲಿ ಒಬ್ಬಳೇ ಕೂತು ಅಳಬಾರದು, ಅತ್ತರೆ ಹಿಡಿಯಲು ನಮ್ಮವರ ಕೈ ಇರಬೇಕು, ಅದಕ್ಕೇ ಅಂಗಳ ಮುಟ್ಟುವವರೆಗೆ ಈ ಸುಳ್ಳು. ಒಳ್ಳೆಯ ಪದ್ಧತಿ ಎಂದೇ ನಾನು ನಂಬಿದ್ದೆ.

ನಮ್ಮ ಬಳಗದಲ್ಲಿ ಆ ಫೋನುಗಳನ್ನು ಮಾಡುವವಳು ನಾನೇ ಆಗಿದ್ದೆ. ನನ್ನ ದನಿ ನಡುಗುವುದಿಲ್ಲ. ಎದುರಿಗೆ ಹೆಣ ಇಟ್ಟುಕೊಂಡು, ‘ಸಲೈನ್ ಹಚ್ಚ್ಯಾರ, ಡಾಕ್ಟರ್ ನೋಡ್ಲತ್ತಾರ’ ಎಂದು ಹೇಳಬಲ್ಲೆ. ಅಪ್ಪ ಹೋದ ದಿನ ಹೀಗೇ ಹತ್ತು ಫೋನ್ ಮಾಡಿದೆ. ಒಬ್ಬ ಕಾಕಾ ಮಾತ್ರ ನಂಬದೆ ಜೋರು ಮಾಡಿದಾಗ, ‘ಬೇಕಾದ್ರ ಮಾತಾಡ್ರಿ, ಅಪ್ಪನ ಕೈಯಾಗ ಫೋನ್ ಕೊಡ್ಲೇನು?’ ಎಂದುಬಿಟ್ಟೆ. ಅವರು ಸುಮ್ಮನಾಗಿ, ‘ಬ್ಯಾಡ, ಬರ್ತೇನಿ’ ಎಂದರು. ಅಂದಿನಿಂದ ಅದು ನನ್ನ ಮಾತಾಯಿತು. ಯಾರೂ ‘ಕೊಡು’ ಎನ್ನುವುದಿಲ್ಲ. ಹೇಳುವವರ ಮುಖ ಉಳಿಸುವುದು ಕೇಳುವವರ ಮರ್ಯಾದೆ. ಆ ದಿನ ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರು ಅಕ್ಕನ ಗಂಡ, ನಮ್ಮ ಮಾಮಾ. ‘ಎಷ್ಟ್ ಶಾಣ್ಯಾ ಇದ್ದೀ ನೀ’ ಎಂದು ಹೊಗಳಿದ್ದರು ಕೂಡ.

ಹೋದ ವರ್ಷ ಚಳಿಗಾಲದ ಒಂದು ಬೆಳಗ್ಗೆ ನಾನು ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಮಾಮಾ ಫೋನ್ ಮಾಡಿದರು. ವರಾಂಡಕ್ಕೆ ಬಂದು ತೆಗೆದೆ.

‘ನಿಮ್ಮ ಅಕ್ಕಗ ಸೀರಿಯಸ್ ಅದ, ಜಲ್ದಿ ಬಾ,’ ಎಂದರು.

ಅಕ್ಕನಿಗೆ ಸಕ್ಕರೆ ಕಾಯಿಲೆ ಇತ್ತು. ಅದರ ಹೊರತು ಮೊನ್ನೆ ರವಿವಾರವಷ್ಟೇ ನನಗೆ ಶೇಂಗಾ ಹೋಳಿಗೆ ಕಳಿಸಿದ್ದವಳು. ಹೋಗಿಬಿಟ್ಟಳು ಎಂದುಕೊಂಡೆ. ಆದರೂ ಪದ್ಧತಿಯಂತೆ ಕೇಳಿದೆ: ‘ಯಾವಾಗಿಂದ್ರಿ ಮಾಮಾ?’

‘ನಸುಕಿನ್ಯಾಗ ಎದಿ ಹಿಡ್ಕೊಂಡಳು. ದವಾಖಾನಿಗಿ ತಂದೀವಿ. ಸಲೈನ್ ಹಚ್ಚ್ಯಾರ. ಮಾತಾಡ್ಲತ್ತಾಳ, ನಿನ್ನೇ ಕೇಳ್ಲತ್ತಾಳ. ಫೋನ್ ಕೊಡ್ಲೇನು?’

ನನ್ನದೇ ಮಾತು, ಒಂದಕ್ಷರ ಬದಲಿಲ್ಲ. ಪಾಪ, ಹೆಂಡತಿಯನ್ನು ಕಳೆದುಕೊಂಡ ಮನುಷ್ಯ, ನಾನು ಕಲಿಸಿದ್ದನ್ನು ನನಗೇ ಒಪ್ಪಿಸುತ್ತಿದ್ದಾರೆ ಅನಿಸಿತು. ಅವರ ಮುಖ ಉಳಿಸಬೇಕಿತ್ತು.

‘ಬ್ಯಾಡ್ರಿ ಮಾಮಾ,’ ಎಂದೆ. ‘ಬರ್ತೇನಿ.’ ಫೋನ್ ಇಟ್ಟೆ.

ಆಮೇಲೆ ಮಾಡಿದ್ದನ್ನು ಬರೆಯಲು ನನಗೆ ನನ್ನ ಮೇಲೇ ಹೇಸಿಗೆ. ಕ್ಲಾಸು ಮುಗಿಯಲು ಹದಿನೈದು ನಿಮಿಷ ಇತ್ತು. ಒಳಗೆ ಹೋಗಿ ಪಾಠ ಮುಗಿಸಿದೆ. ಹೋದವಳು ಹೋದಳು, ಇನ್ನು ಯಾತರ ಅವಸರ? ಪಾಠ ಹೇಳುತ್ತಿದ್ದರೆ ಅಳು ಬರುವುದಿಲ್ಲವೆಂಬ ಆಸೆಯೂ ಇತ್ತು. ರಜೆ ಚೀಟಿ ಬರೆದುಕೊಟ್ಟು, ನಮ್ಮ ಓಣಿಯಲ್ಲಿ ಬಾಡಿಗೆ ಕಾರು ಓಡಿಸುವ ಚಾಚಾನನ್ನು ಕರೆಸಿದೆ. ಬಳಗದವರು ಕರೆದರೆ ದಾರಿಯಲ್ಲೇ ಅತ್ತೇನೆಂದು ಫೋನ್ ಬಂದ್ ಮಾಡಿ ಚೀಲಕ್ಕೆ ಹಾಕಿದೆ.

‘ಅಕ್ಕಗ ಸೀರಿಯಸ್ ಅದ ಚಾಚಾ,’ ಎಂದೆ. ಆತ ನನ್ನ ಮುಖ ನೋಡಿ, ಹಾಡುತ್ತಿದ್ದ ರೇಡಿಯೊ ಬಂದ್ ಮಾಡಿದ.

‘ಸೀದಾ ಭಾಲ್ಕೀಕು ಜಾನಾ ಕ್ಯಾ ಟೀಚರ್?’ ಎಂದು ಕೇಳಿದ.

ಭಾಲ್ಕಿಗೆ ಸೀದಾ ಹೋದರೆ ಒಂದು ತಾಸಿನ ದಾರಿ. ‘ನಕ್ಕೋ ಚಾಚಾ,’ ಎಂದೆ, ‘ಮೊದಲ ಔರಾದ, ಅಲ್ಲಿಂದ ಎಕಂಬಾ.’ ಎಕಂಬಾದಲ್ಲಿ ನನ್ನ ತಮ್ಮನ ಮನೆಯಲ್ಲಿ ಅವ್ವ ಇದ್ದಳು. ಅವ್ವ ಬಾರದೆ ಮಣ್ಣು ಮಾಡುವಂತಿಲ್ಲ. ತಮ್ಮ ಅಂದು ಕಮಲನಗರದ ಪೇಟೆಗೆ ತೊಗರಿ ಒಯ್ದಿದ್ದ. ಕರೆತರುವ ಕೆಲಸ ನನ್ನದೇ ಎಂದುಕೊಂಡೆ. ಚಾಚಾ ಮತ್ತೇನೂ ಕೇಳದೆ ಗಾಡಿಯನ್ನು ನಿಧಾನವಾಗಿ ಬಿಟ್ಟ. ಸೀರಿಯಸ್ ಎಂದ ಮೇಲೆ ನಮ್ಮಲ್ಲಿ ಯಾವ ಡ್ರೈವರನೂ ಜೋರಾಗಿ ಓಡಿಸುವುದಿಲ್ಲ.

ಔರಾದಿನಲ್ಲಿ ಗಾಡಿ ನಿಲ್ಲಿಸಿ ಬಿಳಿ ಬಟ್ಟೆ, ಮೇಣದಬತ್ತಿ, ಒಂದು ದೊಡ್ಡ ಹಾರ ಕೊಂಡೆ. ನಮ್ಮದು ಬುದ್ಧನನ್ನು ನಂಬಿದ ಮನೆ, ಬಿಳಿ ಬಟ್ಟೆ ಬೇಕೇ ಬೇಕು. ಹಾರದವನು ಸೇವಂತಿಗೆ ಕಟ್ಟಿ ಮುಗಿಸುವವರೆಗೆ ಅಂಗಡಿಯ ಮುಂದೆ ನಿಂತಿದ್ದೆ. ಅಕ್ಕನಿಗೆ ಹಳದಿ ಸೇರದು, ಬರೀ ಬಿಳಿಯದೇ ಹಾಕು ಎಂದು ಅವನಿಗೆ ತಾಕೀತು ಬೇರೆ ಮಾಡಿದೆ. ಎಲ್ಲವನ್ನೂ ಅವ್ವನ ಕಣ್ಣಿಗೆ ಬೀಳದಂತೆ ಡಿಕ್ಕಿಯಲ್ಲಿಟ್ಟೆ.

ಎಕಂಬಾದಿಂದ ಹೊರಟು ಸ್ವಲ್ಪ ದೂರ ಬಂದಿರಬೇಕು, ಅವ್ವ ಕೇಳಿದಳು. ‘ಖರೆ ಹೇಳು. ಅದಾಳೋ ಹೋದಳೋ?’

‘ಅದಾಳವ್ವ. ಮಾತಾಡ್ಲತ್ತಾಳಂತ. ಸಲೈನ್ ಹಚ್ಚ್ಯಾರ.’

‘ನೀ ಹೇಳೂದು ನನಗ ಗೊತ್ತದ ಬಿಡು,’ ಎಂದು ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ಎರಡೂ ಕಡೆ ಕಟಾವಾದ ತೊಗರಿ ಹೊಲಗಳು. ನಾನೂ ಮತ್ತೊಂದು ಸಲ ಹೇಳಲಿಲ್ಲ. ನಮ್ಮಿಬ್ಬರಲ್ಲಿ ಯಾರೂ ನಂಬದ ಆ ಮಾತು ಆ ಹೊತ್ತಿಗೆ ಇನ್ನೂ ನಿಜವಾಗಿತ್ತು.

ಭಾಲ್ಕಿ ಮುಟ್ಟಿದಾಗ ಹೊತ್ತು ಮೂರು ದಾಟಿತ್ತು. ದವಾಖಾನೆಯ ಮೆಟ್ಟಿಲ ಮೇಲೆ ಮಾಮಾ ಕೂತಿದ್ದರು. ನಮ್ಮನ್ನು ಕಂಡು ಎದ್ದರು. ಅವ್ವ ಅವರ ಮುಖ ನೋಡಿದವಳೇ ನೆಲಕ್ಕೆ ಕೂತು ಹಾಡಿ ಅಳತೊಡಗಿದಳು. ನಾನು ಅವ್ವನ ಭುಜ ಹಿಡಿದುಕೊಂಡು, ‘ಎಷ್ಟೊತ್ತಿಗಿ ಹೋದಳ್ರಿ ಮಾಮಾ, ನಸುಕಿನ್ಯಾಗೇ ಏನು?’ ಎಂದು ಕೇಳಿದೆ.

‘ನಸುಕಿನ್ಯಾಗ ಯಾಕ?’ ಎಂದರು ಮಾಮಾ. ‘ಈಗ ಅರ್ಧ ತಾಸಾತು. ಇಷ್ಟೊತ್ತನಾ ಬಾಗಿಲಾನೇ ನೋಡ್ಲತ್ತಿದ್ದಳು. ಎಲ್ಲಿ ಹೋಗಿದ್ದಿ ನೀ? ಫೋನೂ ಬಂದ್ ಇತ್ತು. ಜಲ್ದಿ ಬಾ ಅಂದಿದ್ದಿಲ್ಲೇನು ನಾ?’

‘ಎಕಂಬಾಕ್ಕ…’ ಎಂದೆ.

‘ಫೋನರೆ ಯಾಕ ಬ್ಯಾಡ ಅಂದಿ? ಆಕಿ ಕಿವಿ ಮುಂದ ಹಿಡ್ದಿದ್ದೆ, ಸ್ಪೀಕರ್ ಹಚ್ಚಿ. ನೀ ಬ್ಯಾಡ ಅಂದಿದ್ದು ಆಕಿಗಿ ಕೇಳಿಸ್ತು.’

ಏನಂದಳು ಎಂದು ನಾನು ಕೇಳಲೇಬಾರದಿತ್ತು. ಕೇಳಿದೆ.

ಮಾಮಾ ಕಣ್ಣೊರೆಸಿಕೊಂಡರು. ‘ಏನಂತಾಳ? ನಕ್ಕಳು. ಕ್ಲಾಸಿನ್ಯಾಗ ಇರಬೇಕು ನಮ್ಮ ಸೀರಿಯಸ್ ಬಾಯಿ, ಬರ್ತಾಳ ಬಿಡ್ರಿ ಅಂದಳು.’

ತಾನು ಕಳ್ಳ, ಪರರ ನಂಬ ಎನ್ನುತ್ತಾರೆ. ನನಗೆಂದೇ ಹೇಳಿದ ಗಾದೆ. ಹತ್ತಾರು ಮನೆಗಳಿಗೆ ಹಂಚಿದ ಸುಳ್ಳಿನಿಂದಾಗಿ ನನ್ನ ಪಾಲಿಗೆ ಬಂದ ಒಂದೇ ನಿಜವನ್ನು ಕೈಯಾರೆ ದೂಡಿದ್ದೆ. ಒಳಗೆ ಹೋಗಿ ನೋಡಿದೆ. ಅಕ್ಕನ ಕಾಲುಗಳು ಇನ್ನೂ ಬೆಚ್ಚಗಿದ್ದವು. ನಾನು ಅವನ್ನು ಹಿಡಿದುಕೊಂಡು ಬಹಳ ಹೊತ್ತು ಕೂತೆ. ಡಿಕ್ಕಿಯ ಹಾರ ತರಲು ನನ್ನಿಂದ ಆಗಲಿಲ್ಲ, ಚಾಚಾನೇ ತಂದುಕೊಟ್ಟ.

ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದ ಅಕ್ಕನ ಮಗಳಿಗೆ ಇನ್ನೂ ತಿಳಿಸಿರಲಿಲ್ಲ. ಪರೀಕ್ಷೆ ಬರೆಯುತ್ತಿದ್ದಾಳೆ, ಮುಗಿಯಲಿ ಎಂದು ಅಕ್ಕನೇ ತಡೆದಿದ್ದಳಂತೆ. ಮಾಮಾ ತಮ್ಮ ಫೋನು ನನ್ನ ಕೈಗಿಟ್ಟು, ‘ಸೀರಿಯಸ್ ಅದ ಅಂತ ಹೇಳು, ಒಬ್ಬಾಕೇ ಬರಬೇಕು ಅದು,’ ಎಂದರು. ಅವ್ವ, ನೆರೆಯ ಹೆಂಗಸರು, ಎಲ್ಲರೂ ನನ್ನ ಕಡೆ ನೋಡಿದರು. ಆ ಕೆಲಸ ನನ್ನದು ತಾನೇ.

‘ನಿಮ್ಮವ್ವ ಹೋದಳವ್ವ,’ ಎಂದೆ. ‘ಈಗ ಒಂದು ತಾಸಾತು. ಗೆಳತ್ಯಾರನ್ನ ಕರ್ಕೊಂಡು ಬಾ, ಒಬ್ಬಾಕೇ ಬರಬ್ಯಾಡ.’

‘ಹಿಂಗ ಹೇಳ್ತಾರೇನು, ಕಲ್ಲಿನಂಥಾಕಿ,’ ಎಂದು ಅವ್ವ ಹಣೆ ಬಡಿದುಕೊಂಡಳು. ನನ್ನ ದನಿ ಆಗಲೂ ನಡುಗಿರಲಿಲ್ಲ.

ಆ ಕಡೆ ಹುಡುಗಿ ಸಣ್ಣ ದನಿಯಲ್ಲಿ ಕೇಳಿದಳು: ‘ಸಣ್ಣವ್ವ, ನೀ ಆಕಿ ಕೂಡ ಮಾತಾಡಿದ್ದೇನು?’

ಹೌದು ಎಂದುಬಿಡಬಹುದಿತ್ತು. ಏನೇನು ಮಾತಾಡಿದಳೆಂದು ಕಟ್ಟಿ ಹೇಳಲೂ ನನಗೆ ಬರುತ್ತಿತ್ತು.

‘ಇಲ್ಲವ್ವ,’ ಎಂದೆ. ‘ಫೋನ್ ಕೊಡ್ತೇನಿ ಅಂದ್ರು. ನಾನೇ ಬ್ಯಾಡ ಅಂದೆ.’