ಬಿಂಬ ನೋಡಿದರೆ ದೋಷವಿಲ್ಲ

ಮಂಚಿಕೇರಿಯ ಪರಿಮಳಾ ಟೀಚರು ದುರ್ಬೀನು ತರಲು ಹುಬ್ಬಳ್ಳಿಗೆ ಹೋದದ್ದು ತೊಂಬತ್ತೈದರ ಸೆಪ್ಟೆಂಬರಿನಲ್ಲಿ. ಪಾಠಪುಸ್ತಕದಲ್ಲಿ ಗುರುಗ್ರಹವೆಂದರೆ ಒಂದು ಕರಿ ಸುನ್ನೆ. ವರ್ಷಗಟ್ಟಲೆ ಆ ಸುನ್ನೆಯನ್ನೇ ಹಲಗೆಯ ಮೇಲೆ ಬರೆದು ಅವಳಿಗೆ ರೋಸಿಹೋಗಿತ್ತು.

ಶಾಲೆಗಳಿಗೆ ಪ್ರಯೋಗದ ಸಾಮಾನು ಮಾರುವ ಅಂಗಡಿಯವನು ಮೊದಲು ತೆಗೆದದ್ದು ಉದ್ದನೆಯ ಮಸೂರದ ದುರ್ಬೀನು. "ಐದ್ನೂರು ಪಟ್ಟು ದೊಡ್ಡದು ಕಾಣ್ತೈತ್ರಿ ಮೇಡಂ. ಸೂರ್ಯನ್ನ ನೋಡಾಕ ಕರೀ ಗಾಜು ಫ್ರೀ."

ಪರಿಮಳಾ ಅದನ್ನು ಮಾಳಿಗೆಗೆ ಒಯ್ಯಿಸಿ ದೂರದ ನೀರಿನ ಟಾಕಿಯ ಏಣಿಗೆ ಹಿಡಿದಳು. ಬೆರಳು ತಾಗಿದರೆ ಸಾಕು, ಏಣಿ ಜ್ವರ ಬಂದಂತೆ ನಡುಗುತ್ತಿತ್ತು. ಐದುನೂರು ಪಟ್ಟಿನಲ್ಲಿ ಏಣಿಯೂ ಇಲ್ಲ, ಟಾಕಿಯೂ ಇಲ್ಲ, ಬರೀ ಮಬ್ಬು. ಮೂಲೆಯಲ್ಲಿ ಇನ್ನೊಂದಿತ್ತು: ಗಿಡ್ಡ, ದಪ್ಪ, ಬುಡದಲ್ಲಿ ಅಂಗೈಯಗಲದ ಕನ್ನಡಿ, ಸ್ಟೂಲಿನ ಮೇಲೆ ಕೂರುವ ಮರದ ಪೀಠ. ಪಟ್ಟು ಕಡಿಮೆ, ಆದರೆ ಏಣಿಯ ತುಕ್ಕು ಸಹಿತ ಕಂಡಿತು. ಕೊಳವೆಯ ಬಾಯಿ ಅಗಲವಿದ್ದಷ್ಟು ಬೆಳಕು, ಉಳಿದದ್ದೆಲ್ಲ ಡಬ್ಬಿಯ ಮೇಲಿನ ಬಡಾಯಿ.

"ಯಲ್ಲಾಪುರದ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಹೋಗ್ಲಕ್ಕಾ?"

"ಸಣ್ಣ ಕೂಸಿನ್ಹಂಗ ಕುಂದರ್ತೈತ್ರಿ."

ಕರೀ ಗಾಜನ್ನು ಅವಳು ಮುಟ್ಟಲಿಲ್ಲ. ಬಿಸಿಲಿನ ಕಾವೆಲ್ಲ ಅದರ ಮೇಲೇ ಬಂದು ಕೂತು ಗಾಜು ಸೀಳಿದರೆ ಆ ಕ್ಷಣಕ್ಕೆ ಕಣ್ಣು ಹೋಯಿತು. ಅಂಥದ್ದನ್ನು ಪುಕ್ಕಟೆ ಹಂಚುವವನಿಗೆ ಶಿಕ್ಷೆಯಿಲ್ಲ, ಗಿರಾಕಿಯಿದ್ದಾನೆ. ಅಪಾಯವನ್ನು ಹುಬ್ಬಳ್ಳಿಯಲ್ಲೇ ಬಿಟ್ಟುಬಂದೆ ಎಂದು ಪರಿಮಳಾ ನಂಬಿದಳು.

ಗಿಡ್ಡ ದುರ್ಬೀನು ಮನೆಗೆ ಬಂದ ಮೇಲೆ ಒಂದು ಮುಸ್ಸಂಜೆ ಅಂಗಳದಲ್ಲಿ ಅರ್ಧಚಂದ್ರನ ಕುಳಿಗಳನ್ನೂ ಗುರುವಿನ ಪಕ್ಕದ ನಾಲ್ಕು ಚುಕ್ಕೆಗಳನ್ನೂ ಮನೆಮಂದಿಯೆಲ್ಲ ನೋಡಿದರು. ಗಂಡನ ಅಣ್ಣ ವೆಂಕಟ್ರಮಣ ಹೆಗಡೆಯವರು ಕೊಳವೆಯೊಳಗೆ ಇಣುಕಿ ಕೇಳಿದರು, "ಇದರಲ್ಲಿ ಮಸೂರ ಎಲ್ಲಿದ್ದೇ?"

"ಕನ್ನಡಿ ಭಾವಯ್ಯ. ನಾವು ನೋಡುದು ಅದರ ಬಿಂಬ."

"ಹಾಂಗಾರೆ ದೀಪಾವಳಿ ಅಮಾವಾಸ್ಯೆ ಗ್ರಹಣಕ್ಕೂ ಆತು ಬಿಡು."

ಆ ಮನೆಯಲ್ಲಿ ಗ್ರಹಣ ಬಂದಾಗ ಹಿತ್ತಾಳೆಯ ಪರಾತದಲ್ಲಿ ಸಗಣಿನೀರು ತುಂಬಿಸಿ, ಅದರಲ್ಲಿ ಬಿದ್ದ ಸೂರ್ಯನನ್ನು ಮಕ್ಕಳಿಗೆ ತೋರಿಸುವುದು ಅಜ್ಜನ ಕಾಲದ ಪದ್ಧತಿ. ನೇರ ನೋಡಿದರೆ ದೋಷ, ಬಿಂಬಕ್ಕೆ ದೋಷವಿಲ್ಲ.

"ಪರಾತದ ನೀರು ಬೆಳಕನ್ನ ಸಾಯಿಸ್ತು ಭಾವಯ್ಯ. ಇದು ಒಟ್ಟುಮಾಡ್ತು. ಹಾಳೆ ಹಿಡಿದ್ರೆ ಹಾಳೆ ಹೊತ್ತಿಕೊಳ್ತು."

"ಮಾಸ್ತರಿಕೆ ಶಾಲೇಲಿ ಮಾಡು, ತಂಗಿ," ಅಂದರು. ಎಲ್ಲರೂ ನಕ್ಕರು. ಸೊಸೈಟಿಯ ಅಧ್ಯಕ್ಷರೂ ಆದ ಹೆಗಡೆಯವರು ನಕ್ಕಮೇಲೆ ಉಳಿದವರು ನಗದೆ ಇರುವುದುಂಟೇ. ಬಿ.ಎ. ಓದಿದ ಮನುಷ್ಯ, ನಂಬಿಕೆಗೆ ತರ್ಕದ ಅಂಗಿ ತೊಡಿಸಬಲ್ಲವರು. ಬರೀ ನಂಬಿಕೆಯಾಗಿದ್ದರೆ ಪರಾತದ ಬುಡದಲ್ಲೇ ಕೂತಿರುತ್ತಿತ್ತು.

ಅವಳು ದುರ್ಬೀನನ್ನು ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸಿದಳು. ಆದರೂ ನಿದ್ದೆ ಬರಲಿಲ್ಲ. ಹೆಗಡೆಯವರ ಮೊಮ್ಮಗಳು ಅಭಿಜ್ಞಾ, ಮೂರನೇ ಕ್ಲಾಸಿನ ಕೂಸು, "ಅಜ್ಜ ಯಂಗೆ ಸೂರ್ಯನ್ನ ತೋರಿಸ್ತೆ ಹೇಳಿದ್ದ" ಎಂದು ಓಣಿಯಿಡೀ ಸಾರಿಕೊಂಡು ಬಂದಿದ್ದಳು.

ಅಮಾವಾಸ್ಯೆಯ ಬೆಳಿಗ್ಗೆ ಗ್ರಹಣ ಹಿಡಿಯಿತು. ಗ್ರಹಣ ಹಿಡಿದಾಗ ಹೆಂಗಸರೆಲ್ಲ ಸ್ನಾನಕ್ಕೆ ಹೋಗಬೇಕು. ಪರಿಮಳಾ ಬಚ್ಚಲಿನಲ್ಲಿ ಎರಡು ತಂಬಿಗೆ ಹೊಯ್ದುಕೊಂಡಳಷ್ಟೆ. ಅಂಗಳದಲ್ಲಿ ಸ್ಟೂಲು ಎಳೆದ ಸದ್ದು ಕೇಳಿಸಿತು.

ಒದ್ದೆ ಸೀರೆಯಲ್ಲೇ ಓಡಿಬಂದಳು. ಅಟ್ಟದಿಂದ ಇಳಿಸಿದ ದುರ್ಬೀನು ಬಿಸಿಲಿಗೆ ಬಾಯಿ ತೆರೆದು ಕೂತಿತ್ತು. ಬಿಸಿಲು ಮಾತ್ರ ಬಿಸಿಲಿನಂತಿರಲಿಲ್ಲ. ಅಂಗಳಕ್ಕೆ ಬೂದಿ ಚೆಲ್ಲಿದ ಬಣ್ಣ. ಕಾಗೆಗಳು ಕೂಗು ನಿಲ್ಲಿಸಿದ್ದವು. ಯಾವುದನ್ನೂ ಹಿರಿಯರು ಮೊದಲು ಮಾಡುವುದು ಆ ಮನೆಯ ಕ್ರಮವಾದ್ದರಿಂದ ಹೆಗಡೆಯವರು ಆಗಲೇ ಬಲಗಣ್ಣಿಟ್ಟು, ತಟ್ಟನೆ ತಲೆ ಹಿಂದೆಳೆದಿದ್ದರು.

"ಭಾರೀ ಬೆಳಕು," ಅಂದರು ಕಣ್ಣುಜ್ಜಿಕೊಳ್ಳುತ್ತ. "ಎಂತ ನೋವಿಲ್ಲೆ. ಬಾ ಕೂಸೆ."

ನೋವಿಲ್ಲ ಎಂಬ ಮಾತು ಕೇಳಿಯೇ ಪರಿಮಳಾ ಮುಂದೆ ನುಗ್ಗಿದಳು. ಕಣ್ಣಿನ ಹಿಂದಿನ ಪೊರೆ ಸುಟ್ಟರೆ ನೋವಾಗುವುದಿಲ್ಲ. ಅಭಿಜ್ಞಾ ತುದಿಗಾಲಿನಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಬಗ್ಗಿದ್ದಳು. ಕರೆಯಲು ಹೊತ್ತಿರಲಿಲ್ಲ. ಪರಿಮಳಾ ಸ್ಟೂಲಿಗೇ ಒದ್ದಳು. ದುರ್ಬೀನು ಕಲ್ಲುಚಪ್ಪಡಿಯ ಮೇಲೆ ಬಿದ್ದು ಕನ್ನಡಿ ಚೂರಾಯಿತು.

"ತಲೆ ಕೆಟ್ಟಿದ್ದನೇ ನಿಂಗೆ?" ಹೆಗಡೆಯವರು ಅಬ್ಬರಿಸಿದರು.

"ಹೌದು," ಅಂದಳು, ಕೂಸನ್ನು ಸೆರಗಿನೊಳಗೆ ಎಳೆದುಕೊಂಡು.

ಮಧ್ಯಾಹ್ನ ಬಾಳೆಲೆಯ ಮುಂದೆ ಕೂತ ಹೆಗಡೆಯವರು ಎಡಗಣ್ಣು ಮುಚ್ಚಿ ನೋಡಿದರು. ಎಲೆಯ ಅಂಚು ಕಂಡಿತು, ನಡುವಿನ ಅನ್ನ ಕಾಣಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಸುಟ್ಟ ಕಲೆ ತೋರಿಸಿ, ಇದು ಮರಳುವುದಿಲ್ಲ ಅಂದರು. ಊರಿಗೆ ಬಂದ ಹೆಗಡೆಯವರು ಹೇಳಿದ್ದು ಬೇರೆ: ಸ್ನಾನ ಅರ್ಧಕ್ಕೆ ಬಿಟ್ಟ ಹೆಂಗಸು ಗ್ರಹಣಕಾಲದಲ್ಲಿ ಕನ್ನಡಿ ಒಡೆದಳು, ದೋಷ ನನಗೆ ತಟ್ಟಿತು. ಊರು ತಲೆ ಆಡಿಸಿತು. ಶಾಂತಿಹೋಮ ಆಯಿತು. ತಪ್ಪೊಪ್ಪಿ ಕಾಲಿಗೆ ಬೀಳಬೇಕೆಂದರು, ಪರಿಮಳಾ ಬೀಳಲಿಲ್ಲ.

ಕಾರ್ತೀಕದಲ್ಲಿ ಚಂದ್ರ ಮತ್ತೆ ಅರ್ಧಕ್ಕೆ ಬಂದ ಸಂಜೆ ಅವಳು ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಭಿಜ್ಞಾ ಕೊಟ್ಟಿಗೆಯಿಂದ ಮನೆಗೆ ಅಂಗಳ ದಾಟುತ್ತಿದ್ದಳು, ಗೋಡೆ ಸವರಿಕೊಂಡು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು.

"ಎಂತಕ್ಕೆ ಕೂಸೆ?"

"ಅಜ್ಜ ಹೇಳಿದ್ದ. ಮೇಲೆ ನೋಡಲಾಗ."