ಮುಧೋಳದ ದರ್ಬಾರಿಗೆ ಹೊರಟು ಬೀಳಗಿ ಸೇರಿದ್ದು

ಜಮಖಂಡಿ ಬಿಟ್ಟಾಗ ಇನ್ನೂ ನಸುಕು. ಮುಧೋಳಕ್ಕೆ ಹದಿಮೂರು ಮೈಲು. ಸಂಸ್ಥಾನದ ಟಾಂಗಾದಲ್ಲಿ ನಮ್ಮ ಕಾರಭಾರಿ ರಾಯರು, ಎದುರಿಗೆ ಕಾಗದದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಅವರ ಶಿರಸ್ತೇದಾರನಾದ ನಾನು. ನನ್ನ ಬಾಯಿಯ ಸುದ್ದಿ ಇಡೀ ಕಚೇರಿಗೆ ಗೊತ್ತು. ಎಚ್ಚರವಿದ್ದಷ್ಟು ಹೊತ್ತೂ ಅದು ಸುಮ್ಮನಿರದು. ಅಂದು ಚಳಿ ಬೇರೆ, ಚಹಾ ಸಿಕ್ಕಿರಲಿಲ್ಲ, ಮೇಲೆ ದರ್ಬಾರಿನ ಆತಂಕ. ಹೊಲದ ಜೋಳ, ಕುದುರೆಯ ಲಾಳ, ನಮ್ಮ ಅತ್ತಿಗೆಯ ಕಿವಿನೋವು, ಎಲ್ಲವನ್ನೂ ರಾಯರಿಗೆ ಒಪ್ಪಿಸುತ್ತಲೇ ಹೊರಟೆ.

ಆತಂಕವೆಲ್ಲ ಒಂದು ಕುರ್ಚಿಯದು. ಬ್ರಿಟಿಷ್ ಸರ್ಕಾರದ ಏಜೆಂಟ್ ಸಾಹೇಬರು ಬರುವ ದರ್ಬಾರಿನಲ್ಲಿ ಮೊದಲ ಸಾಲಿನವರಿಗೆ ಮುಧೋಳದ ರಾಜರು ತಮ್ಮ ಕೈಯಿಂದಲೇ ಅತ್ತರು, ವೀಳ್ಯ ಕೊಡುತ್ತಿದ್ದರು. ಹಿಂದಿನ ಸಾಲಿಗೆ ಅಧಿಕಾರಿಗಳು ಕೊಡುತ್ತಿದ್ದರು. ಹೋದ ಸಲ ರಾಯರು ಜ್ವರದಿಂದ ಮಲಗಿ ನಮ್ಮ ಕುರ್ಚಿ ಖಾಲಿ ಉಳಿದಿತ್ತು. ಅದನ್ನು ಮೊದಲ ಸಾಲಿನಲ್ಲೇ ಉಳಿಸಿಕೊಳ್ಳಲು ರಾಯರು ವರ್ಷವಿಡೀ ಪತ್ರ ಬರೆದರು. ಪ್ರತಿಯೊಂದರ ನಕಲು ತೆಗೆದವನು ನಾನೇ. ಈ ಸಲವೂ ಖಾಲಿ ಉಳಿದರೆ ಜಮಖಂಡಿ ಕಾಯಂ ಹಿಂದಕ್ಕೆ ಬೀಳುತ್ತಿತ್ತು.

ಅರ್ಧ ದಾರಿಯಲ್ಲಿ ಕುದುರೆಗೆ ನೀರು ಕುಡಿಸಲು ಬಾವಿಯೊಂದರ ಹತ್ತಿರ ನಿಂತೆವು. ರಾಯರು ಟಾಂಗಾದಲ್ಲೇ ಕಣ್ಣು ಮುಚ್ಚಿ ಕೂತಿದ್ದರು. ನಾನು ಬಾವಿಯ ಹಿಂದೆ ಮುಖ ತೊಳೆಯುತ್ತಿದ್ದಾಗ ಜಮಖಂಡಿಯ ಕಡೆಯಿಂದ ಕುದುರೆಯ ಮೇಲೆ ಒಬ್ಬ ಬಂದ. ಬೀಳಗಿಯಲ್ಲಿದ್ದ ರಾಯರ ಅಣ್ಣನ ಮನೆಯ ಆಳು, ರಾಯರನ್ನು ಹುಡುಕಿ ಜಮಖಂಡಿಗೆ ಹೋಗಿ ನಮ್ಮ ಬೆನ್ನಿಗೇ ಬಂದಿದ್ದ. ಅಣ್ಣನವರು ಒಂದು ತಿಂಗಳಿಂದ ಹಾಸಿಗೆ ಹಿಡಿದಿದ್ದರು.

“ರಾತ್ರಿ ಹ್ವಾದ್ರರೀ,” ಎಂದ. “ತಮ್ಮಾರು ಬರೂತನಕಾ ಎತ್ತೂದಿಲ್ಲಂತ ಕುಂತಾರ.”

ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಸೂತಕದವರು ದರ್ಬಾರಿಗೆ ಕಾಲಿಡುವಂತಿಲ್ಲ. ಹೇಳಿದರೆ ರಾಯರಿಗೆ ಮಧ್ಯಾಹ್ನದೊಳಗೆ ಅಣ್ಣನ ಮುಖ ಸಿಗುತ್ತದೆ, ಕುರ್ಚಿ ಹೋಗುತ್ತದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಎರಡು ಸಲ ಯೋಚಿಸಲಿಲ್ಲ. ಕಾಯಬೇಡಿ, ರಾಯರು ಸಂಜೆಗೆ ಬರುತ್ತಾರೆ ಎಂದು ಹೇಳಿ ಅವನನ್ನು ಹಾಗೆಯೇ ಹಿಂದಕ್ಕೆ ಕಳಿಸಿದೆ. ಯಾರದು ಎಂದು ರಾಯರು ಕೇಳಿದರು. ಯಾರೋ ದಾರಿ ಕೇಳಿದ ಎಂದೆ. ಅವರು ತಲೆಯಾಡಿಸಿದರು.

ಆಮೇಲಿನ ಆರು ಮೈಲು ಹೇಗೆ ಕಳೆಯಿತೋ ದೇವರೇ ಬಲ್ಲ. ಪೆಟ್ಟಿಗೆಯನ್ನು ಆ ತೊಡೆಯಿಂದ ಈ ತೊಡೆಗೆ ಹೊರಳಿಸುತ್ತ ಕೂತೆ.

ಮುಧೋಳದ ಬೀದಿಗೆ ನೀರು ಚಿಮುಕಿಸಿದ್ದರು, ತೋರಣ ಕಟ್ಟಿದ್ದರು, ಬ್ಯಾಂಡಿನವರು ಬಿಸಿಲಲ್ಲಿ ಬೆವರುತ್ತಿದ್ದರು. ಹತ್ತಕ್ಕೆ ಸಾಹೇಬರ ಮೋಟಾರು ಬಂತು. ನಮ್ಮ ಕುರ್ಚಿ ಮೊದಲ ಸಾಲಿನಲ್ಲೇ ಇತ್ತು, ಎಡಗಡೆಯಿಂದ ನಾಲ್ಕನೆಯದು. ರಾಜರು ರಾಯರ ಕೈಗೆ ಅತ್ತರು ಹಚ್ಚಿದಾಗ ನನ್ನ ಎದೆ ಉಬ್ಬಿತು, ಸುಳ್ಳು ಹೇಳಲಾರೆ. ಮರುಗಳಿಗೆಗೆ ಬೀಳಗಿ ನೆನಪಾಯಿತು. ಊಟಕ್ಕೆ ಶ್ರೀಖಂಡವಿತ್ತು. ಹೊಟ್ಟೆ ಸರಿಯಿಲ್ಲವೆಂದು ರಾಯರು ಎಲೆಯ ಮುಂದೆ ಕೂರಲೇ ಇಲ್ಲ. ನಾನೂ ಎರಡು ತುತ್ತಿಗೆ ಎದ್ದೆ.

ಹೊರಟಾಗ ರಾಯರು ಟಾಂಗಾವನ್ನು ಘಟಪ್ರಭೆಯ ದಂಡೆಗೆ ಹೊಡೆಯಲು ಹೇಳಿದರು. ಇಳಿದು, ಪಗಡಿ ತೆಗೆದು ನನ್ನ ಕೈಗೆ ಕೊಟ್ಟರು.

“ಈಗ ಹೇಳ್ರಿ,” ಎಂದರು.

ಹೇಳಿದೆ.

“ಬಾವಿ ಬಿಟ್ಟಮ್ಯಾಲ ನೀವು ಒಂದ ಮಾತೂ ಆಡಲಿಲ್ಲ, ವಾಮನರಾವ್. ಅಲ್ಲೇ ತಿಳೀತು. ಬಿಡಿಸಿ ಕೇಳಿದ್ರ ಹೋಗಬೇಕಾಗತಿತ್ತು, ಅದಕ್ಕ ಕೇಳಲಿಲ್ಲ.” ಹೊಳೆಯ ಕಡೆ ತಿರುಗಿದರು. “ಇನ್ನೂ ಇಟ್ಟಿರ್ತಾರೇನು?”

“ಕಾಯಬ್ಯಾಡ್ರಿ ಅಂತ ನಾನ ಹೇಳಿ ಕಳಿಸೇನ್ರಿ.”

ರಾಯರು ನನ್ನನ್ನೇ ನೋಡಿದರು. ಬೈದಿದ್ದರೆ ಬದುಕುತ್ತಿದ್ದೆ. ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು ಮೂರು ಸಲ ಮುಳುಗಿದರು. ಕೈಯನ್ನು ಮರಳು ಹಾಕಿ ತಿಕ್ಕಿ ತಿಕ್ಕಿ ತೊಳೆದರು.

ಟಾಂಗಾ ಜಮಖಂಡಿಯ ದಾರಿ ಬಿಟ್ಟು ಬೀಳಗಿಯ ಕಡೆ ತಿರುಗಿತು. ಒಮ್ಮೆ ಹಿಂದೆ ನೋಡಿದೆ. ಮುಧೋಳದಲ್ಲಿ ತೋರಣ ಬಿಚ್ಚುತ್ತಿದ್ದರು. ರಾಯರ ಒದ್ದೆ ಧೋತರದಿಂದ ನೀರು ನನ್ನ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

ಎರಡು ಮೈಲು ಹೋದ ಮೇಲೆ ಅವರು, “ಏನರೆ ಮಾತಾಡ್ರಿ, ವಾಮನರಾವ್,” ಎಂದರು.

ಎರಡೂ ಬದಿಗೆ ಜೋಳ ನಿಂತಿತ್ತು, ಕುದುರೆಯ ಲಾಳ ಸಡಿಲಾಗಿ ಸದ್ದು ಮಾಡುತ್ತಿತ್ತು. ಬೀಳಗಿ ಬರುವವರೆಗೂ ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ.